ಕದ್ರಿಯ ಗುಡ್ಡದಲ್ಲಿ ಕಂಡ ಹಸ್ತಾಕ್ಷರಗಳು

ಮಂಗಳೂರಿಗೆ ಬಂದವರು ಕದ್ರಿಯನ್ನು ನೋಡದೆ ಹಿಂದಿರುಗುವುದು ವಿರಳ. ಈ ಸಲ ಮಳೆಗಾಲ ಕಳೆದ ಮೇಲೆ ನಾವೂ ಸಂಸಾರ ಸಮೇತರಾಗಿ ಅಲ್ಲಿಗೆ ಹೋಗಿದ್ದೆವು. ಹೋದುದು ಮಂಜುನಾಥನ ದರ್ಶನಕ್ಕೆ. ಆದರೆ ಅದೇ ದಿನ ಗುಡ್ಡದ ಮೇಲಿನ ಒಂದು ಮನೆಯಲ್ಲಿ ಕಂಡ ಸಂಗತಿಯೊಂದು ಇಂದಿಗೂ ನಮ್ಮ ಮನಸ್ಸಿನಿಂದ ಮಾಸಿಲ್ಲ. ವಾಚಕರಿಗೂ ಅದು ಉಪಯೋಗವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮಲ್ಲಿಕಟ್ಟೆಯನ್ನು ದಾಟಿ ದೇವಸ್ಥಾನದ ದಾರಿ ಹಿಡಿದರೆ ಪೇಟೆಯ ಗದ್ದಲವು ಮೆಲ್ಲಮೆಲ್ಲನೆ ಹಿಂದುಳಿಯುತ್ತದೆ. ಗುಡ್ಡದ ಮಗ್ಗುಲಲ್ಲಿ ದೇವಾಲಯ. ಅದರ ಹಿಂದೆ ಎತ್ತರದಲ್ಲಿ ಗೋಮುಖದಿಂದ ಇಳಿದು ಬರುವ ತೀರ್ಥ. ಪಕ್ಕದಲ್ಲಿ ಆ ನೀರು ತುಂಬುವ ಕೆರೆಗಳು. ಎದುರಿನ ಏರನ್ನು ಹತ್ತಿದರೆ ಜೋಗಿ ಮಠ. ನಾವು ಕಾಲು ತೊಳೆದು ಒಳಗೆ ಹೋಗಿ ದೇವರಿಗೆ ಕೈಮುಗಿದು, ಆಮೇಲೆ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಬಹಳ ಹೊತ್ತು ನಿಂತೆವು. ಮೂರು ಮುಖ, ಆರು ಕೈ. ಪದ್ಮಾಸನದಲ್ಲಿ ಕುಳಿತ ಆ ಮೂರ್ತಿಯ ಶಾಂತಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ.

ಈ ವಿಗ್ರಹದ ಪೀಠದಲ್ಲಿ ಒಂದು ಸಂಸ್ಕೃತ ಶಾಸನವಿದೆ. ಆಳುಪ ವಂಶದ ಅರಸು ಕುಂದವರ್ಮನು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದನೆಂದು ಅದು ಹೇಳುತ್ತದೆ. ಕಾಲವು ಕಲಿವರ್ಷ 4068, ಎಂದರೆ ಕ್ರಿ. ಶ. 968ರ ಸುಮಾರು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಯಾರು, ಏನನ್ನು, ಎಲ್ಲಿ, ಯಾವಾಗ ಮಾಡಿದರು ಎಂಬ ನಾಲ್ಕು ಪ್ರಶ್ನೆಗಳಿಗೂ ಆ ಕೆಲವು ಸಾಲುಗಳಲ್ಲಿ ಉತ್ತರವಿದೆ. ಸಾವಿರ ವರ್ಷಗಳ ಮೇಲೂ ಆ ಅರಸನ ಮಾತನ್ನು ನಾವು ನಂಬುವುದು ಇದರಿಂದಲೇ ಅಲ್ಲವೆ? ಈ ವಿಚಾರವು ಸ್ವಲ್ಪ ಹೊತ್ತಿನಲ್ಲೇ ನಮಗೆ ಪ್ರಯೋಜನಕ್ಕೆ ಬರುವುದೆಂದು ಆಗ ನಮಗೆ ತಿಳಿದಿರಲಿಲ್ಲ.

ದರ್ಶನ ಮುಗಿಸಿ ನಮ್ಮ ಹಳೆಯ ಸ್ನೇಹಿತರೊಬ್ಬರ ಮನೆಗೆ ಹೋದೆವು. ತಮ್ಮ ಹೆಸರನ್ನು ಅಚ್ಚು ಹಾಕಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ರಾಯರೆಂದಷ್ಟೇ ಕರೆಯುತ್ತೇವೆ. ಎಂಬತ್ತು ದಾಟಿದ ವಯಸ್ಸು. ಕಣ್ಣು ಮಂಜಾಗುತ್ತ ಬಂದಿದೆ. ಹಳೆಯ ಹೆಂಚಿನ ಮನೆ, ಅಗಲವಾದ ಜಗಲಿ. ಅಮ್ಮನವರು ಬೆಲ್ಲ ನೀರು ತಂದಿಟ್ಟು, ಗೋಳಿಬಜೆ ಮಾಡಲು ಒಳಗೆ ಹೋದರು. ಕುಶಲಪ್ರಶ್ನೆಯಾದ ಮೇಲೆ ರಾಯರು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಪುಸ್ತಕವೊಂದನ್ನು ತಂದು ನಮ್ಮ ಮುಂದಿಟ್ಟರು. ಯುದ್ಧಕಾಲದಲ್ಲಿ ಶೌರ್ಯಪದಕಗಳನ್ನು ಪಡೆದ ಬಾಂಬರು ವಿಮಾನಗಳ ವೈಮಾನಿಕರ ಹಸ್ತಾಕ್ಷರಗಳನ್ನು ಅವರು ಐವತ್ತು ವರ್ಷಗಳಿಂದ ಅದರಲ್ಲಿ ಕೂಡಿಸುತ್ತ ಬಂದಿದ್ದಾರೆ.

“ದೇವಸ್ಥಾನದ ನೆರಳಿನಲ್ಲಿ ಇದೆಂಥ ಹವ್ಯಾಸ ರಾಯರೇ?” ಎಂದು ಕೇಳಿದೆವು. ಅವರು ನಕ್ಕು ತಮ್ಮ ಕಥೆಯನ್ನು ಹೇಳಿದರು.

ಯೌವನದಲ್ಲಿ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಗುಮಾಸ್ತೆಯಾಗಿದ್ದರು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಸ್ಥಾಪಿಸಿದ ಕಾರ್ಖಾನೆಯದು. ಎರಡನೆಯ ಮಹಾಯುದ್ಧ ಕಾಲದಲ್ಲಿ ಅಮೆರಿಕದ ಸೈನ್ಯದ ವಿಮಾನಗಳನ್ನು ಅಲ್ಲಿ ದುರಸ್ತಿ ಮಾಡುತ್ತಿದ್ದರು. ಯುದ್ಧ ಮುಗಿದು ಬ್ರಿಟಿಷರು ಹೊರಡುವಾಗ ‘ಲಿಬರೇಟರ್’ ಎಂಬ ನಾಲ್ಕು ಎಂಜಿನುಗಳ ದೊಡ್ಡ ಬಾಂಬರುಗಳನ್ನು ಬೇಕೆಂದೇ ಕೆಡಿಸಿ ಕಾನಪುರದಲ್ಲಿ ಬಿಟ್ಟುಹೋದರು. ನಮ್ಮವರು ಅವುಗಳನ್ನು ಹೇಗೋ ಹಾರುವಷ್ಟು ಸರಿಪಡಿಸಿ ಬೆಂಗಳೂರಿಗೆ ತಂದು, ನಲ್ವತ್ತರಷ್ಟು ವಿಮಾನಗಳಿಗೆ ಮರುಜೀವ ಕೊಟ್ಟರು. ಸ್ವತಂತ್ರ ಭಾರತದ ಮೊದಲ ಬಾಂಬರು ಪಡೆ 1948ರಲ್ಲಿ ಹುಟ್ಟಿದುದು ಈ ವಿಮಾನಗಳಿಂದಲೇ. 1968ರ ವರೆಗೆ ಅವು ದುಡಿದುವು. ಅನಂತರ ಅವುಗಳಲ್ಲೊಂದು 1974ರಲ್ಲಿ ಬ್ರಿಟನ್ನಿನ ವಾಯುದಳ ವಸ್ತುಸಂಗ್ರಹಾಲಯವನ್ನು ಸೇರಿತು.

“ಆ ವಿಮಾನಗಳ ಲೆಕ್ಕಪತ್ರ ನನ್ನ ಮೇಜಿನ ಮೇಲೆ ಬರುತ್ತಿತ್ತು. ಕಾಗದದಲ್ಲಿ ಕಂಡ ವಿಮಾನವನ್ನು ಹಾರಿಸಿದವರು ಎಂಥವರಿರಬಹುದೆಂದು ಯೋಚಿಸಿದೆ. ಕೊನೆಗೆ ಅಂಥವರಿಗೇ ಕಾಗದ ಬರೆಯತೊಡಗಿದೆ” ಎಂದರು ರಾಯರು. ಹೊರದೇಶದವರಿಗೆ ಬರೆಯುವಾಗ ವಿಳಾಸ ಬರೆದ ಲಕೋಟೆಯೊಡನೆ ಅಂಚೆಕಚೇರಿಯಲ್ಲಿ ಸಿಗುತ್ತಿದ್ದ ಅಂತರರಾಷ್ಟ್ರೀಯ ಉತ್ತರ ಕೂಪನನ್ನು ಇಡುತ್ತಿದ್ದರಂತೆ. ಹತ್ತು ಕಾಗದಗಳಿಗೆ ಮೂರು ಉತ್ತರ ಬಂದರೆ ಅದು ಸುಗ್ಗಿ. ಬಂದ ಪ್ರತಿಯೊಂದು ರುಜುವಿನ ಹಿಂದೆ ಬಂದ ಲಕೋಟೆಯನ್ನೂ, ತಾವು ಬರೆದ ಕಾಗದದ ನಕಲನ್ನೂ ಅಂಟಿಸಿಟ್ಟಿದ್ದಾರೆ. “ರುಜು ಮಗುವಾದರೆ ಲಕೋಟೆ ಅದರ ಜಾತಕ” ಎಂಬುದು ಅವರ ಮಾತು.

ಮೊದಲ ಹಾಳೆಗಳಲ್ಲಿ ಲೆನರ್ಡ್ ಚೆಷೈರರ ರುಜುವಿರುವ ಒಂದು ಲಕೋಟೆಯಿತ್ತು. 1970ರ ದಶಕದಲ್ಲಿ ಬ್ರಿಟನ್ನಿನ ವಾಯುದಳ ವಸ್ತುಸಂಗ್ರಹಾಲಯದವರು ಇಂಥ ವಿಶೇಷ ಲಕೋಟೆಗಳನ್ನು ವಿಮಾನದಲ್ಲಿ ಹಾರಿಸಿ, ಪ್ರಸಿದ್ಧ ವೈಮಾನಿಕರಿಂದ ರುಜು ಹಾಕಿಸಿ, ಸಂಸ್ಥೆಯ ಸಹಾಯಾರ್ಥವಾಗಿ ಮಾರುತ್ತಿದ್ದರು. ಚೆಷೈರರು ನೂರರಷ್ಟು ದಾಳಿಗಳಲ್ಲಿ ಹಾರಿ, 1944ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಬ್ರಿಟನ್ನಿನ ಪರವಾಗಿ ವಿಮಾನದಿಂದ ಅದನ್ನು ಕಣ್ಣಾರೆ ಕಂಡವರು. ಯುದ್ಧಾನಂತರ 1948ರಲ್ಲಿ ದಿಕ್ಕಿಲ್ಲದೆ ಸಾಯುತ್ತಿದ್ದ ಒಬ್ಬ ರೋಗಿಯನ್ನು ತಮ್ಮ ಮನೆಗೇ ಕರೆತಂದು ಶುಶ್ರೂಷೆ ಮಾಡಿದರು. ಅಂಗವಿಕಲರಿಗಾಗಿ ಇರುವ ಚೆಷೈರ್ ಹೋಮುಗಳು ಅಲ್ಲಿಂದ ಹುಟ್ಟಿದುವು. ಭಾರತದಲ್ಲಿ ಮೊದಲನೆಯದು 1956ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು, ಬೆಂಗಳೂರಿನಲ್ಲಿಯೂ ಒಂದಿದೆ. 1992ರಲ್ಲಿ ಅವರು ತೀರಿಕೊಂಡರು. ಊರುಗಳನ್ನು ಸುಟ್ಟ ಕೈಯೇ ರೋಗಿಯ ಹಾಸಿಗೆಯನ್ನೂ ಸರಿಪಡಿಸಿತು! ಆ ನೀಲಿ ಗೆರೆಗಳನ್ನು ನೋಡುತ್ತ ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ.

“ಇವೆಲ್ಲ ನಿಜವಾದುವೆಂದು ತಿಳಿಯುವುದು ಹೇಗೆ ಅಜ್ಜ?” ಎಂದು ನಮ್ಮ ಹುಡುಗ ಕೇಳಿದನು. ರಾಯರಿಗೆ ಹುರುಪು ಬಂದಿತು. ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು ಒಂದೊಂದಾಗಿ ತೋರಿಸಿದರು. ಅಚ್ಚಿನ ರುಜುವಾದರೆ ಗೆರೆಯು ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುವುದು. ಲೇಖನಿಯದಾದರೆ ಶಾಯಿ ಕಾಗದದ ನಾರಿನೊಳಗೆ ಇಳಿದಿರುವುದು. ಎರಡು ಗೆರೆ ಕೂಡುವಲ್ಲಿ ಬಣ್ಣ ಗಾಢವಾಗಿರುವುದು. ನಕಲು ಮಾಡುವವನು ನಿಧಾನವಾಗಿ ಚಿತ್ರ ಬರೆದಂತೆ ಬರೆಯುವುದರಿಂದ ಅವನ ಗೆರೆ ನಡುಗುವುದು. ಎರಡು ರುಜುಗಳು ಒಂದರ ಮೇಲೊಂದು ಇಟ್ಟಂತೆ ಸರಿಹೊಂದಿದರೆ ಅದು ಯಂತ್ರದ್ದೋ ಮುದ್ರೆಯದೋ ಆಗಿರಬೇಕು. ಮನುಷ್ಯನ ಕೈ ಎರಡು ಸಲ ಒಂದೇ ತೆರನಾಗಿ ಬರೆಯುವುದಿಲ್ಲ. ನೇರಳಾತೀತ ದೀಪದ ಕೆಳಗೆ ಹಿಡಿದಾಗ ಕಾಗದವು ನೀಲಿಯಾಗಿ ಹೊಳೆದರೆ, ಸುಮಾರು 1950ರ ಈಚೆಗೆ ರೂಢಿಗೆ ಬಂದ ಬೆಳ್ಪಿನ ರಾಸಾಯನಿಕ ಅದರಲ್ಲಿದೆಯೆಂದು ತಿಳಿಯಬೇಕು; ಅಂಥ ಕಾಗದದ ಮೇಲೆ 1943ರ ರುಜು ಇರಲಾರದು. ಹೆಸರಿನ ಮುಂದೆ ಬರೆದ ಬಿರುದನ್ನೂ ನೋಡಬೇಕು. ಪದಕ ಪ್ರಕಟವಾಗುವುದಕ್ಕೆ ಮೊದಲೇ ಅದನ್ನು ಹೆಸರಿಗೆ ಸೇರಿಸಿ ಬರೆಯುವವರು ಯಾರು? ಪದಕಗಳ ತಾರೀಖು ಸರಕಾರದ ಗೆಜೆಟಿನಲ್ಲಿ ಸಿಗುತ್ತದೆ.

“ಇಷ್ಟೆಲ್ಲ ಬಲ್ಲವರು ಎಂದೂ ಮೋಸ ಹೋಗಿರಲಾರಿರಿ” ಎಂದೆವು.

ಒಳಗಿನಿಂದ ಗೋಳಿಬಜೆಯ ತಟ್ಟೆ ಹಿಡಿದು ಬಂದ ಅಮ್ಮನವರು, “ಆ ಪುಸ್ತಕವನ್ನೂ ತೋರಿಸಿ” ಎಂದರು. ರಾಯರ ಮುಖ ಸ್ವಲ್ಪ ಕಂದಿತು. ಆದರೂ ಎದ್ದುಹೋಗಿ ಕಪಾಟಿನಿಂದ ಒಂದು ಇಂಗ್ಲಿಷು ಗ್ರಂಥವನ್ನು ತಂದರು. ಗೈ ಗಿಬ್ಸನ್ ಎಂಬ ವೈಮಾನಿಕರ ಆತ್ಮಕಥೆಯದು. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟ 19 ಲಾಂಕಾಸ್ಟರ್ ವಿಮಾನಗಳ ನಾಯಕರು ಅವರು. ಅದಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಪುಸ್ತಕದ ಮೊದಲ ಹಾಳೆಯಲ್ಲಿ ಮಿತ್ರನೊಬ್ಬನಿಗೆ ಕಾಣಿಕೆಯೆಂದು ಬರೆದು ಅವರ ರುಜುವಿತ್ತು. ಹಳೆಯ ಶಾಯಿ, ನಡುಗದ ಗೆರೆ. ನಮ್ಮ ಕಣ್ಣಿಗೆ ಒಂದು ದೋಷವೂ ಕಾಣಲಿಲ್ಲ.

“ಅಚ್ಚಾದ ವರ್ಷ ಓದಿ” ಎಂದರು ರಾಯರು. 1946 ಎಂದಿತ್ತು. “ಗಿಬ್ಸನ್ ಸತ್ತದ್ದು 1944ರ ಸೆಪ್ಟೆಂಬರ್ 19ರಂದು. ಇಪ್ಪತ್ತಾರು ವರ್ಷ. ತನ್ನ ಪುಸ್ತಕ ಅಚ್ಚಾದದ್ದನ್ನು ಆತ ನೋಡಲೇ ಇಲ್ಲ.”

ಮಾಡಿನ ಹೆಂಚು ಬದಲಿಸಲು ಕೂಡಿಸಿಟ್ಟ ಹಣವನ್ನು ಕೊಟ್ಟು ಅದನ್ನು ಹೊರದೇಶದ ವ್ಯಾಪಾರಿಯೊಬ್ಬನಿಂದ ತರಿಸಿದ್ದರಂತೆ. ಆ ಆಷಾಢದಲ್ಲಿ ನಡುಮನೆ ಸೋರಿತು. ಅಮ್ಮನವರು ಮೂರು ತಿಂಗಳು ಬೋಗುಣಿ ಇಟ್ಟು ಇಟ್ಟು ತೆಗೆದರು. ಆಸೆಯ ಕಣ್ಣಿಗೆ ವರ್ಷದ ಅಂಕಿ ಕಾಣಿಸಲಿಲ್ಲ. ಕಂಡುದು ಹತ್ತು ವರ್ಷದ ಮೇಲೆ. ವ್ಯಾಪಾರಿಗೆ ಬರೆದರೆ ಉತ್ತರವಿಲ್ಲ. ಅಷ್ಟರಲ್ಲಿ ಪರಊರಿನ ಸಂಗ್ರಾಹಕರೊಬ್ಬರು ಮನೆಗೆ ಬಂದು, ಕೊಟ್ಟ ಹಣದ ಮೇಲೆ ಇನ್ನಷ್ಟು ಸೇರಿಸಿ ಕೊಡುವೆನೆಂದರು. ಅವರು ವರ್ಷವನ್ನು ಗಮನಿಸಿರಲಿಲ್ಲ.

“ಸುಳ್ಳೇಕೆ? ಒಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಾಡಿನ ಹಣ ಕೈಗೆ ಬರುತ್ತಿತ್ತು. ಇವಳನ್ನೇ ಕೇಳಿದೆ” ಎಂದರು ರಾಯರು.

ಅಮ್ಮನವರು ತಟ್ಟೆಯನ್ನು ನಮ್ಮ ಕಡೆಗೆ ಸರಿಸುತ್ತ, “ನಮ್ಮ ಮನೆಯ ಸೋರಿಕೆಯನ್ನು ಇನ್ನೊಬ್ಬರ ಮನೆಗೆ ಕಳುಹಿಸುವುದು ಬೇಡ ಅಂದೆ. ಅಷ್ಟೇ” ಎಂದರು.

ಮರುದಿನ ರಾಯರು ಬಂದವರಿಗೆ ನಿಜವನ್ನು ಹೇಳಿ ಕಳುಹಿಸಿದರು. ಆ ರುಜುವಿನ ಕೆಳಗೆ ಒಂದು ಚೀಟಿಯನ್ನು ಅಂಟಿಸಿ, ಕೆಂಪು ಶಾಯಿಯಲ್ಲಿ ‘ಇದು ಸುಳ್ಳು. ಕಾರಣ: ಗ್ರಂಥ 1946, ಮರಣ 1944’ ಎಂದು ಬರೆದು, ತಮ್ಮ ರುಜುವನ್ನೂ ತಾರೀಖನ್ನೂ ಹಾಕಿದ್ದಾರೆ. ಈ ಸಂಗ್ರಹವನ್ನೆಲ್ಲ ಮೊಮ್ಮಗನಿಗೆ ಕೊಡುವವರಿದ್ದಾರೆ. ತಾವಿಲ್ಲದ ಕಾಲದಲ್ಲಿ ಹುಡುಗನು ಮೋಸ ಹೋಗಬಾರದು, ಮೋಸ ಮಾಡಲೂ ಬಾರದು ಎಂಬುದೇ ಆ ಚೀಟಿಯ ಉದ್ದೇಶ.

ಮುಂದೆ ನಮ್ಮ ದೇಶದವರ ಹಾಳೆಗಳು. ಒಂದು ಹಾಳೆ ಖಾಲಿಯಾಗಿತ್ತು. ತಲೆಯಲ್ಲಿ ಪದ್ಮನಾಭ ಗೌತಮ್ ಎಂದು ಮಾತ್ರ ಬರೆದಿತ್ತು. ಕ್ಯಾನ್‌ಬೆರಾ ಬಾಂಬರುಗಳನ್ನು ನಡೆಸಿ 1965ರಲ್ಲಿಯೂ 1971ರಲ್ಲಿಯೂ ಎರಡು ಸಲ ಮಹಾವೀರ ಚಕ್ರ ಪಡೆದ ವೀರರು ಅವರು. 1972ರಲ್ಲಿ ವಿಮಾನಾಪಘಾತದಲ್ಲಿ ತೀರಿಹೋದರು. ರಾಯರು ಪತ್ರ ಬರೆಯತೊಡಗಿದುದು ಅದರ ಅನಂತರ. “ಖಾಲಿಯಿದ್ದರೆ ಇರಲಿ. ಆ ಹೆಸರಿಗೊಂದು ಜಾಗ ಬೇಕು” ಎಂದರು.

ಅದರ ಎದುರಿನ ಹಾಳೆಯಲ್ಲಿ ನಿವೃತ್ತ ಕ್ಯಾನ್‌ಬೆರಾ ವೈಮಾನಿಕರೊಬ್ಬರ ಕಾಗದವಿತ್ತು. ತಮ್ಮೊಬ್ಬರ ರುಜುವನ್ನು ಕಳುಹಿಸಲು ಅವರು ಮೊದಲು ಒಪ್ಪಿರಲಿಲ್ಲವಂತೆ. ಕತ್ತಲೆಯಲ್ಲಿ ದಾರಿ ಲೆಕ್ಕ ಹಾಕಿ ಹೇಳುತ್ತಿದ್ದ ಜೊತೆಗಾರನಿಲ್ಲದಿದ್ದರೆ ತಾವು ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲವೆಂದು ಬರೆದು, ಆರು ತಿಂಗಳು ಕಳೆದ ಮೇಲೆ ಆ ಜೊತೆಗಾರನನ್ನು ಹುಡುಕಿ, ಇಬ್ಬರ ರುಜುವನ್ನೂ ಒಂದೇ ಕಾಗದದ ಮೇಲೆ ಕಳುಹಿಸಿದರು. ಒಂದು ಹಸ್ತಾಕ್ಷರ ಕೇಳಿದವರಿಗೆ ಎರಡು ಬಂದುವು. ಇಡೀ ಸಂಗ್ರಹದಲ್ಲಿ ರಾಯರಿಗೆ ಅತ್ಯಂತ ಪ್ರಿಯವಾದುದು ಇದೇ. ಪೇಟೆಯಲ್ಲಿ ಇದಕ್ಕೆ ಹೆಚ್ಚಿನ ಬೆಲೆಯಿಲ್ಲವೆಂದೂ ಅವರೇ ಹೇಳಿದರು.

ಸಂಜೆಯಾಯಿತು. ರಾಯರು ಊರುಗೋಲು ಹಿಡಿದು ನಮ್ಮೊಡನೆ ಯುದ್ಧ ಸ್ಮಾರಕದ ವರೆಗೆ ಬಂದರು. ಪ್ರತಿ ವರ್ಷವೂ ಜುಲೈ 26ರಂದು ಕಾರ್ಗಿಲ್ ವಿಜಯದ ನೆನಪಿಗೆ ಇಲ್ಲಿ ಹೂವಿಡುತ್ತಾರೆ. ಪಡುಗಡಲಿನ ಕಡೆಯಿಂದ ಗಾಳಿ ಬೀಸುತ್ತಿತ್ತು.

“ನನ್ನ ಪುಸ್ತಕದಲ್ಲಿರುವವರೆಲ್ಲ ಬದುಕಿ ಬಂದವರು” ಎಂದರು ರಾಯರು ಮೆಲ್ಲನೆ. “ಬ್ರಿಟನ್ನಿನ ಬಾಂಬರು ಪಡೆಯಲ್ಲಿ ಸುಮಾರು 1,25,000 ಮಂದಿ ಹಾರಿದರು; 55,573 ಮಂದಿ ಸತ್ತರು. ಗಿಬ್ಸನ್ನರ ಜೊತೆ ಆ ರಾತ್ರಿ ಹೋದವರು 133. 53 ಮಂದಿ ಸತ್ತರು. ಅಣೆಕಟ್ಟು ಒಡೆದು ಕೆಳಗೆ ನೀರಿನಲ್ಲಿ ಹೋದವರು ಸುಮಾರು 1,300. ಅವರಲ್ಲಿ ಎಷ್ಟೋ ಮಂದಿ ಬಲಾತ್ಕಾರವಾಗಿ ದುಡಿಸಲು ತಂದ ಪರದೇಶದ ಕೂಲಿಗಳು. ಅವರ ರುಜುವನ್ನು ಯಾರು ಕೂಡಿಸುತ್ತಾರೆ? ಈ ಲೆಕ್ಕವನ್ನೂ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೊಮ್ಮಗ ಓದಲಿ.”

ನಮಗೆ ಉತ್ತರ ತೋಚಲಿಲ್ಲ. ನಮಸ್ಕರಿಸಿ ಬೀಳ್ಕೊಂಡೆವು.

ಊರಿಗೆ ಬಂದ ವಾರವೇ ನಾವು ಹಿರಿಯರ ಪೆಟ್ಟಿಗೆಯನ್ನು ಬಿಚ್ಚಿದೆವು. ಹೆಸರಿಲ್ಲದ ಭಾವಚಿತ್ರಗಳು, ತಾರೀಖಿಲ್ಲದ ಕಾಗದಗಳು. ಒಂದು ಕಾಗದ ನಮ್ಮ ಅಜ್ಜನವರದೆಂದು ನಾವು ತಿಳಿದಿದ್ದೆವು. ಅಕ್ಷರ ಹೋಲಿಸಿದಾಗ ಅವರದಲ್ಲವೆಂದು ಗೊತ್ತಾಯಿತು. ಮನಸ್ಸಿಗೆ ಬೇಸರವಾದರೂ ಹಾಗೆಂದೇ ಬರೆದಿಟ್ಟೆವು. ವಾಚಕರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳಿರುವುವು. ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೂಡಿಸಿಕೊಂಡು, ಇದು ಯಾರದು, ಎಂದಿನದು, ಯಾರ ಕೈಯಿಂದ ಬಂದುದು ಎಂಬಿಷ್ಟನ್ನು ಪೆನ್ಸಿಲಿನಿಂದ ಹಿಂಬದಿಯಲ್ಲಿ ಬರೆದಿಡತಕ್ಕದ್ದು. ಶಾಯಿ ಬೇಡ, ಅದು ಮುಂಬದಿಗೆ ಹಾಯುವುದು. ತಿಳಿಯದುದನ್ನು ತಿಳಿಯದೆಂದೇ ಬರೆಯಬೇಕು. ಕುಂದವರ್ಮನು ಕಂಚಿನ ಪೀಠದ ಮೇಲೆ ಬರೆಯಿಸಿದುದೂ ಇಷ್ಟೇ ಅಲ್ಲವೆ?