ಒಬ್ಬರಿಗಾಗುವಷ್ಟು ಸೀಕರಣೆ

ನಮ್ಮಲ್ಲಿ ಸಿಹಿ ಅಂದರೆ ಒಬ್ಬರಿಗೆ ಅಂತ ಮಾಡುವ ಪದಾರ್ಥವೇ ಅಲ್ಲ. ಪಾಯಸವಾದರೆ ಪಾತ್ರೆ ತುಂಬ, ಕೇಸರಿಬಾತಾದರೆ ಪಕ್ಕದ ಮನೆಗೂ ಒಂದು ಡಬ್ಬಿ. ಹೊರದೇಶದಲ್ಲಿ ಸಂಸಾರ ಮಾಡುತ್ತಿರುವ ನಿಮಗೆ ಮುಂದಿನದು ಗೊತ್ತೇ ಇರುತ್ತದೆ. ಮೂರು ಜನರ ಮನೆಯಲ್ಲಿ ಹತ್ತು ಜನರ ಪಾಯಸ, ಉಳಿದದ್ದು ಫ್ರಿಜ್‌ಗೆ, ಆಮೇಲೆ 'ಹಾಳಾಗಬಾರದಲ್ಲ' ಎಂದು ಅದನ್ನು ತಿಂದು ಮುಗಿಸುವವರು ಅಮ್ಮ.

ಆ ಕೆಲಸಕ್ಕೆ ನಾನು ರಾಜೀನಾಮೆ ಕೊಟ್ಟು ಏಳು ವರ್ಷವಾಯಿತು. ಮಗ ಹೊಟ್ಟೆಯಲ್ಲಿದ್ದಾಗ ನನಗೆ ಬಸಿರಿನ ಸಕ್ಕರೆ ಕಾಯಿಲೆ ಬಂತು. ಹೆರಿಗೆಯಾದ ಮೇಲೆ ಎಲ್ಲ ಸರಿಹೋಯಿತು, ನಿಜ. ಆದರೆ ಹೀಗೆ ಒಮ್ಮೆ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಅದರಲ್ಲೂ ನಮ್ಮಂಥ ದಕ್ಷಿಣ ಏಷ್ಯಾದವರಿಗೆ. ನಮ್ಮಪ್ಪನಿಗೆ 42ಕ್ಕೇ ಬಂದಿತ್ತು. ನನಗೀಗ 36. ವರ್ಷಕ್ಕೊಮ್ಮೆ ರಕ್ತ ಕೊಟ್ಟು ಎಚ್‌ಬಿಎ1ಸಿ ನೋಡಿಸಿಕೊಳ್ಳುತ್ತೇನೆ. ನಿಮಗೂ ಬಸಿರಿನಲ್ಲಿ ಹೀಗಾಗಿದ್ದರೆ, ಮಗು ದೊಡ್ಡದಾಯಿತು ಎಂದು ಆ ಪರೀಕ್ಷೆಯನ್ನು ಬಿಡಬೇಡಿ.

ಹಾಗೆಂದು ಸಿಹಿ ಬಿಟ್ಟು ಬದುಕುವ ಜಾತಿಯವಳಲ್ಲ ನಾನು. ರಾತ್ರಿ ಊಟವಾದ ಮೇಲೆ ಒಂದು ಬಟ್ಟಲು, ಒಂದೇ ಬಟ್ಟಲು, ಹಣ್ಣಿನ ಸಿಹಿ. ಅಳತೆ ಹೀಗಿದೆ: ಸಿಪ್ಪೆ ಸಮೇತ ಒಂದು ಸೇಬು, ಕಾಲು ಚಮಚ ತುಪ್ಪ, ಚಿಟಿಕೆ ಉಪ್ಪು, ಎರಡು ಚಮಚ ನೀರು, ಒಂದು ಏಲಕ್ಕಿ, ನಾಲ್ಕು ಅಕ್ರೋಟು, 100 ಗ್ರಾಂ ಕ್ವಾರ್ಕ್. ನಾವಿರುವುದು ಹೈಡೆಲ್‌ಬರ್ಗ್‌ನಲ್ಲಿ, ಇಲ್ಲಿ ಕ್ವಾರ್ಕ್ ಅಂದರೆ ಹೆಚ್ಚುಕಡಿಮೆ ನಮ್ಮ ನೀರು ಬಸಿದ ಗಟ್ಟಿ ಮೊಸರು. ಅಮೆರಿಕ, ಆಸ್ಟ್ರೇಲಿಯಾದ ಕಡೆ ಇರುವವರು ಸಿಹಿ ಹಾಕದ ಗ್ರೀಕ್ ಯೋಗರ್ಟ್ ತೆಗೆದುಕೊಳ್ಳಿ. ಚಳಿಗಾಲಕ್ಕೆ ಮುಂಚೆ ಇಲ್ಲಿನ ಸಂತೆಗೆ ಬರುವ ಬೋಸ್ಕೋಪ್ ಸೇಬು ಹುಳಿ, ಬೆಂದರೆ ಬೇಗ ಮೆತ್ತಗಾಗುತ್ತದೆ. ಸೇಬನ್ನು ಸಣ್ಣಗೆ ಹೆಚ್ಚಿ, ತುಪ್ಪದಲ್ಲಿ ಬಾಡಿಸಿ, ಉಪ್ಪು ನೀರು ಹಾಕಿ, ಮುಚ್ಚಿ ಐದು ನಿಮಿಷ ಬೇಯಿಸಿ. ಸ್ವಲ್ಪ ಕಿವುಚಿ, ಜಜ್ಜಿದ ಏಲಕ್ಕಿ ಸೇರಿಸಿ, ಕ್ವಾರ್ಕ್ ಮೇಲೆ ಹಾಕಿ, ಅಕ್ರೋಟು ಉದುರಿಸಿ. ಮುಗಿಯಿತು.

ಬಾಳೆಹಣ್ಣನ್ನೋ ಮಾವಿನಹಣ್ಣನ್ನೋ ಕಿವುಚಿ ಹಾಲು, ಬೆಲ್ಲ, ಏಲಕ್ಕಿ ಹಾಕುವ ನಮ್ಮ ಸೀಕರಣೆಯೇ ಇದರ ಮೂಲ. ಹುಳಿ ಸೇಬಿಗೆ ಹಾಲು ಹಾಕಿದರೆ ಒಡೆಯಬಹುದು, ಅದಕ್ಕೇ ಕ್ವಾರ್ಕ್. ಬೆಲ್ಲ ಬಿಟ್ಟದ್ದು ಬೇಕೆಂದೇ. ಬೆಲ್ಲ, ಜೇನು, ಖರ್ಜೂರ ಹಾಕಿ 'ಇದರಲ್ಲಿ ಸಕ್ಕರೆ ಇಲ್ಲ' ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ಆದರೆ ರಕ್ತಕ್ಕೆ ಅವೆಲ್ಲ ಸಕ್ಕರೆಯೇ. ನನ್ನ ಬಟ್ಟಲಿನಲ್ಲೂ ಸಕ್ಕರೆ ಇದೆ: ಸೇಬಿನದು ಸುಮಾರು 15 ಗ್ರಾಂ, ಕ್ವಾರ್ಕಿನದು 4. ಮೇಲಿಂದ ಹಾಕಿದ್ದು ಸೊನ್ನೆ. ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ಲೆಕ್ಕವನ್ನು ವೈದ್ಯರನ್ನೇ ಕೇಳಿ.

ಹಾಗಾದರೆ ಸಿಹಿ ಸಾಲುತ್ತದೆಯೇ? ಏಲಕ್ಕಿಯನ್ನು ಬರೀ ನಾಲಿಗೆಗೆ ಕೇಳಿದರೆ ಅದು ಸಿಹಿಯಲ್ಲ. ಆದರೆ ಚಿಕ್ಕಂದಿನಿಂದ ಸಿಹಿಯ ಜೊತೆಗೇ ಮೂಗಿಗೆ ಬಿದ್ದ ವಾಸನೆಯನ್ನು ಮಿದುಳು ಸಿಹಿಯ ಖಾತೆಗೇ ಬರೆದುಕೊಂಡಿರುತ್ತದೆ. ವೆನಿಲ್ಲಾ ವಾಸನೆ ಸೇರಿಸಿದ ಸಕ್ಕರೆ ನೀರು, ಅಷ್ಟೇ ಸಕ್ಕರೆಯ ಬರೀ ನೀರಿಗಿಂತ ಹೆಚ್ಚು ಸಿಹಿ ಅನ್ನಿಸುವುದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ನನಗೆ ಪಾಯಸ ಕಲಿಸಿದ ವಾಸನೆ ಏಲಕ್ಕಿ. ಮಗನಿಗೆ ಕಿಟಾದಲ್ಲಿ ಹಾಲನ್ನದ ಮೇಲೆ ಉದುರಿಸುತ್ತಿದ್ದ ದಾಲ್ಚಿನ್ನಿ. ಒಂದೇ ಮನೆ, ಎರಡು ಮೂಗು.

ಇಷ್ಟಕ್ಕೇ ಆಗಿದ್ದರೆ ಇದನ್ನು ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಮಗನಿಗೆ ಆರು ವರ್ಷ. ಕನ್ನಡದ ನಾಮಪದಗಳು ಅವನಿಗೆ ಬೇಕಾದಷ್ಟು ಬರುತ್ತವೆ. ಚಿತ್ರದ ಪುಸ್ತಕ ತೋರಿಸಿದರೆ ಆನೆ, ಒಂಟೆ, ನವಿಲು. ಕ್ರಿಯಾಪದ ಮಾತ್ರ ಒಂದೇ: ಮಾಡು. ಶ್ನೈಡನ್ ಮಾಡ್ಲಾ, ರೈಬನ್ ಮಾಡ್ಲಾ, ಮಿಕ್ಸ್ ಮಾಡ್ಲಾ. (ಬೆಂಗಳೂರಿನ ಮಕ್ಕಳೂ 'ಕಟ್ ಮಾಡು' ಅನ್ನುತ್ತಾರೆ, ಗೊತ್ತು. ಅವರಿಗೆ ಸುತ್ತಲೂ ಇನ್ನೂ ನೂರು ಜನ ಇದ್ದಾರೆ, ಇವನಿಗೆ ನಾನೊಬ್ಬಳು.) ಭಾನುವಾರ ಫೋನಿನಲ್ಲಿ ಅಜ್ಜಿ "ಏನ್ ಮಾಡ್ದೆ ಪುಟ್ಟಾ?" ಅಂದರೆ "ಆಟ ಮಾಡ್ದೆ" ಅನ್ನುತ್ತಿದ್ದ, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಮ್ಮ ಫೋನು ನನಗೆ ಕೊಡಲು ಹೇಳುತ್ತಿದ್ದರು. ಆ ಒಂದು ಕ್ಷಣದ ಮೌನ ನಿಮಗೂ ಪರಿಚಯವಿರಬಹುದು.

ಹತ್ತು ಜನರ ಅಡುಗೆಯಲ್ಲಿ ಮಗುವಿಗೆ ಕೆಲಸ ಕೊಡಲು ಪುರುಸೊತ್ತು ಎಲ್ಲಿ? ಒಂದು ಸೇಬಾದರೆ ಕೊಡಬಹುದು. ಬಟ್ಟಲು ಒಂದೇ, ಸೋಮವಾರ ನನ್ನದು, ಬುಧವಾರ ಅವನದು; ಒಲೆಯೊಂದು ಬಿಟ್ಟು ಉಳಿದದ್ದೆಲ್ಲ ಅವನ ಕೈಯಲ್ಲಿ. ಎಂಟು ನಿಮಿಷದಲ್ಲಿ ತೊಳೆ, ಹೆಚ್ಚು, ಜಜ್ಜು, ಕಿವುಚು, ಕದಡು, ಉದುರಿಸು, ಇಷ್ಟೂ ಆಗಿಹೋಗುತ್ತವೆ. ಕೈ ಕೆಲಸದಲ್ಲಿರುವಾಗಲೇ ಪದ ಹೇಳುತ್ತೇನೆ, ಮುಂಚೆಯೂ ಅಲ್ಲ, ಆಮೇಲೆ ಒಪ್ಪಿಸು ಅನ್ನುವುದೂ ಇಲ್ಲ. ಹಿಸುಕು ಬೇರೆ, ಕಿವುಚು ಬೇರೆ ಎಂದು ವಿವರಿಸಿದರೆ ತಲೆಗೆ ಹೋಗದು; ನಿಂಬೆಹಣ್ಣು ಒಂದು ಕೈಗೆ, ಬೆಂದ ಸೇಬು ಇನ್ನೊಂದಕ್ಕೆ ಕೊಟ್ಟರೆ ತಾನೇ ತಿಳಿಯುತ್ತದೆ. ಸೇಬು ಆರಿರಲಿ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವನೇ ಹೇಳಿದ: "ಅಜ್ಜಿ, ನಾನು ಏಲಕ್ಕಿ ಜಜ್ಜಿದೆ."

"ಸಿಪ್ಪೆ ಏನ್ ಮಾಡ್ದೆ?"

"ಬಿಸಾಕ್ದೆ."

"ಅಯ್ಯೋ, ಬಿಸಾಕ್ತಾರಾ! ಟೀ ಪುಡಿ ಡಬ್ಬಿಗೆ ಹಾಕಿಡು, ಘಮ್ ಅನ್ನುತ್ತೆ."

ಅವನು ಫೋನು ಹಿಡಿದುಕೊಂಡೇ ಡಬ್ಬಿ ಹುಡುಕಲು ಹೋದ. ಅವರಿಬ್ಬರ ಮಾತು ಹನ್ನೊಂದು ನಿಮಿಷ ನಡೆಯಿತು. ಈಗ ನಮ್ಮ ಟೀ ಪುಡಿಯಲ್ಲಿ ಸಿಪ್ಪೆಯೇ ಜಾಸ್ತಿ.

ಅವನ ಬುಧವಾರದ ಬಟ್ಟಲಿಗೆ ದಾಲ್ಚಿನ್ನಿಯೇ ಬೀಳುತ್ತದೆ, ನಾನು ಅಡ್ಡ ಬರುವುದಿಲ್ಲ. ಸೇಬಿನ ಬದಲು ಪೇರ್ ಹಾಕುವುದಾದರೆ ನೀರು ಬೇಡ, ಅದೇ ಬಿಟ್ಟುಕೊಳ್ಳುತ್ತದೆ. ಎರಡು ಹನಿ ನಿಂಬೆರಸ ಮಾತ್ರ ಹಿಂಡಿ.