ಹೊಳೆ ದಾಟದ ವಾಕ್ಯ

ನಾವು ಓದುವಾಗ ಕಾಪಿ ಹೊಡೆಯುವುದೆಂದರೆ ಬೆತ್ತದ ರುಚಿ ನೋಡುವ ಕೆಲಸ. ಕಂಪ್ಯೂಟರಿನ ಮುಂದೆ ಅದನ್ನೇ ದಿನಕ್ಕೆ ನೂರು ಸಲ ಮಾಡಿದರೂ ಕೇಳುವವರಿಲ್ಲ. ಆದರೆ ಎಕ್ಸ್ ವಿಂಡೋ ಎಂಬ ಹಳೆಯ ವ್ಯವಸ್ಥೆಯಲ್ಲಿ ಕಾಪಿಯ ಸ್ವಭಾವವೇ ಬೇರೆ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಗೆ ಬಂದು ಅಲ್ಲೇ ಬೀಡುಬಿಟ್ಟ ಇದು ನನ್ನ ಮುದಿ ಲಿನಕ್ಸ್ ಯಂತ್ರದಲ್ಲಿ ಇನ್ನೂ ಸಂಸಾರ ಮಾಡಿಕೊಂಡಿದೆ.

ಇದರಲ್ಲಿ ನೀವು ನಾಲ್ಕು ಸಾಲು ಕಾಪಿ ಮಾಡಿದಿರೆನ್ನಿ. ಆ ಸಾಲುಗಳು ಎಲ್ಲಿಗೂ ಹೋಗುವುದಿಲ್ಲ! “ನನ್ನ ಹತ್ತಿರ ಇದೆ, ಬೇಕಾದವರು ಕೇಳಿ” ಎಂದು ಆ ಕಿಟಕಿ ಸಾರಿ ಸುಮ್ಮನಾಗುತ್ತದೆ. ಇನ್ನೊಂದು ಕಡೆ ಅಂಟಿಸುವಾಗಲೇ ಕೊಡುಕೊಳ್ಳುವ ವ್ಯವಹಾರ. ಅಷ್ಟರಲ್ಲಿ ಮೊದಲ ಕಿಟಕಿ ಮುಚ್ಚಿದರೆ, ಪಕ್ಕದ ಮನೆಯ ಒರಳನ್ನು ನಂಬಿ ಉದ್ದು ನೆನೆಹಾಕಿದ ಮೇಲೆ ಅವರು ಬೀಗ ಹಾಕಿಕೊಂಡು ಜಾತ್ರೆಗೆ ಹೋದಂತೆ. ಹಾಗಾಗದಿರಲೆಂದು ಗಂಟನ್ನು ಕಾದಿಡುವ ಪ್ರೋಗ್ರಾಮುಗಳೂ ಉಂಟು. ಸಾಲದ್ದಕ್ಕೆ ಗಂಟು ಎರಡು: ಮೌಸಿನಿಂದ ಬರಿದೆ ಆಯ್ದು ನಡುಗುಂಡಿ ಒತ್ತಿದರೆ ಬರುವುದು ಒಂದು, ಮೆನುವಿನಿಂದ ಕಾಪಿ ಮಾಡಿದ್ದು ಇನ್ನೊಂದು.

ಇವೆಲ್ಲ ನನಗೆ ಗೊತ್ತಿದ್ದ ತರಲೆಗಳು. ಗೊತ್ತಿಲ್ಲದ ಒಂದನ್ನು ಹಿಡಿದುಕೊಟ್ಟವರು, ಕಂಪ್ಯೂಟರ್ ಮುಟ್ಟಿಯೇ ಇರದ ಎಂಬತ್ತಾರರ ನಮ್ಮ ದೊಡ್ಡಮ್ಮ.

ಅವರು ಹೇಳಿದ ಹಳೆಯ ಕಥೆಗಳನ್ನು ನನ್ನ ತಮ್ಮನ ಮಗಳು ತನ್ನ ಈಮೇಲಿನಲ್ಲಿ ಟೈಪು ಮಾಡಿಕೊಂಡು, ನನ್ನ ಯಂತ್ರದ ಟರ್ಮಿನಲ್ ಕಿಟಕಿಯಲ್ಲಿ ಅಂಟಿಸಿ ಫೈಲು ಮಾಡಿಟ್ಟಿದ್ದಳು. ಒಂದು ಸಂಜೆ ಓದಿ ಹೇಳುತ್ತಿದ್ದೆ. ಚೊಚ್ಚಲ ಹೆರಿಗೆಗೆ ಗಾಡಿ ಕಟ್ಟಿ ತವರಿಗೆ ಹೊರಟ ಭಾಗ. ಹೊಳೆಯ ನಡುವೆ ವಾಕ್ಯ ತುಂಡಾಗಿ, ಮುಂದಿನ ಪ್ಯಾರಾದಲ್ಲಿ ಯಾರದೋ ಮದುವೆ.

“ನಿಲ್ಸೋ. ಕೂಸಿನ ವಿಷ್ಯ ಎಲ್ಲಿ?”

“ಇಷ್ಟೇ ಇದೆ ದೊಡ್ಡಮ್ಮ.”

“ಅದನ್ನ ನಾನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣೋ.”

ರಾತ್ರಿ ಕೂತು ಹುಡುಕಿದೆ. ಎಕ್ಸ್‌ನಲ್ಲಿ ಮಾಮೂಲಾಗಿ ಒಂದು ಕೋರಿಕೆಯಲ್ಲಿ 262140 ಬೈಟಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಗಂಟನ್ನು ಕಂತಿನಲ್ಲಿ ಸಾಗಿಸಬೇಕು. ನಮ್ಮದು ಅಷ್ಟು ದೊಡ್ಡದಲ್ಲ. ಆಮೇಲೆ ಕಂಡಿತು: ಚಿಕ್ಕ ಪ್ಯಾರಾಗಳೆಲ್ಲ ಪೂರ್ತಿ ಇವೆ, ಉದ್ದದವಕ್ಕೆ ಮಾತ್ರ ಬಾಲವಿಲ್ಲ. ಎಣಿಸಿದರೆ ಎಲ್ಲವೂ 4095 ಬೈಟಿನ ಆಸುಪಾಸಿಗೇ ತುಂಡು. ತಪ್ಪು ಎಕ್ಸ್‌ನದಲ್ಲವೇ ಅಲ್ಲ. ಎಂಟರ್ ಒತ್ತುವವರೆಗೆ ಲಿನಕ್ಸಿನ ಟರ್ಮಿನಲ್ ಒಂದು ಸಾಲಿಗೆ ಇಟ್ಟುಕೊಳ್ಳುವುದೇ ಅಷ್ಟು. ಮಿಕ್ಕಿದ್ದನ್ನು ಸದ್ದಿಲ್ಲದೆ ಚೆಲ್ಲಿ, ಮುಂದಿನ ಸಾಲನ್ನು ಏನೂ ಆಗದವರಂತೆ ಬರಮಾಡಿಕೊಳ್ಳುತ್ತದೆ. ಇಂಗ್ಲಿಷಿಗಾದರೆ ಅದು ನಾಲ್ಕು ಸಾವಿರ ಅಕ್ಷರ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ‘ಕ್ಷ’ ಒಂದಕ್ಕೇ ಒಂಬತ್ತು! ಎಲ್ಲರಿಗೂ ಒಂದೇ ಅಳತೆಯ ಪಾವು. ನಮ್ಮ ಕಾಳು ದಪ್ಪ.

ಈಮೇಲಿನ ಮೂಲವನ್ನು ಹುಡುಗಿ ಅಳಿಸಿದ್ದಾಳೋ ಏನೋ ಎಂದು ಫೋನು ಮಾಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಳಿಸಿರಲಿಲ್ಲ. ಈ ಸಲ ಅಂಟಿಸುವ ಗೋಜಿಗೇ ಹೋಗದೆ, ಕಾಪಿಯಾದದ್ದನ್ನು ಎಕ್ಸ್‌ಕ್ಲಿಪ್ ಎಂಬ ಪುಟ್ಟ ಪ್ರೋಗ್ರಾಮಿನಿಂದ ನೇರ ಫೈಲಿಗಿಳಿಸಿದೆ. ಬಾಲಗಳೆಲ್ಲ ಬಂದವು.

ಬೆಳಿಗ್ಗೆ ದೊಡ್ಡಮ್ಮನಿಗೆ ಹೇಳಿದೆ, “ಸಿಕ್ಕಿತು. ಓದಲಾ?”

“ಬೇಡ,” ಎಂದರು. “ಇದೆ ತಾನೆ? ಇರಲಿ.”