ಹೊಂಡದ ನೀರಿಗೆ ಒಗ್ಗುವ ಮೀನು

ನಾಲ್ಕು ವರ್ಷ ಕೊಲ್ಲಿಯಲ್ಲಿ ದುಡಿದ ಮಗ ಕೆಲಸ ಕಳೆದುಕೊಂಡು ಮನೆಗೆ ಬಂದು, "ಅಮ್ಮೀ, ಇನ್ನು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಹೊಲದ ಹೊಂಡದಲ್ಲಿ ಮೀನು ಸಾಕುತ್ತೇನೆ" ಎಂದರೆ ನೀವೇನು ಹೇಳುತ್ತೀರಿ? ನಾನಂತೂ ಮೊದಲು ನಕ್ಕೆ. ಅವನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು.

ನಮ್ಮದು ಔರಾದ್ ತಾಲೂಕಿನ ಸಂತಪುರ. ತೊಗರಿ, ಸೋಯಾ ಬೆಳೆಯುವ ಮಳೆಯಾಶ್ರಿತ ಭೂಮಿ. 2014ರಲ್ಲಿ ಸರ್ಕಾರ ಕೃಷಿ ಭಾಗ್ಯ ಯೋಜನೆ ಆರಂಭಿಸಿದ ಮೇಲೆ ಹಲವರು ಹೊಲದಲ್ಲಿ ಹೊಂಡ ತೋಡಿಸಿದರು. ನಾವೂ ತೋಡಿಸಿದೆವು. ಉದ್ದಗಲ 21 ಮೀಟರ್, ಆಳ 3 ಮೀಟರ್. ನೀರು ಇಂಗದಂತೆ ತಳಕ್ಕೆ ಪ್ಲಾಸ್ಟಿಕ್ ಹಾಳೆ. ಮಳೆ ಕೈಕೊಟ್ಟಾಗ ತೊಗರಿಗೆ ಒಂದೆರಡು ಸಲ ನೀರು ಕೊಡುವುದಷ್ಟೇ ಅದರ ಕೆಲಸವಾಗಿತ್ತು.

ಮಗನ ತಲೆಯಲ್ಲಿದ್ದದ್ದು ಟ್ರೌಟ್ ಮೀನು. ಕಾಶ್ಮೀರದ ಗೆಳೆಯನೊಬ್ಬ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ್ದನಂತೆ. ಬೆಲೆಯೂ ಹೆಚ್ಚು, ರುಚಿಯೂ ಹೆಚ್ಚು. ಆದರೆ ವಿಚಾರಿಸಿದಾಗ ಬೇರೆಯೇ ಸಂಗತಿ ತಿಳಿಯಿತು. ಬ್ರಿಟಿಷರು ಈ ಮೀನನ್ನು ಹೊರದೇಶಗಳಿಂದ ತಂದು ಬೆಳೆಸಿದ್ದು ಕಾಶ್ಮೀರ, ನೀಲಗಿರಿಯಂಥ ತಂಪು ಜಾಗಗಳಲ್ಲಿ. ಅದಕ್ಕೆ ಹತ್ತರಿಂದ ಹದಿನೆಂಟು ಡಿಗ್ರಿಯ ತಣ್ಣನೆಯ, ಹರಿಯುವ ನೀರೇ ಹಿತ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಟ್ರೌಟಿಗೆ ಉಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಲ್ಲಿ ಅದು ಬದುಕುವುದೆಲ್ಲಿ?

"ಹಾಗಾದರೆ ನಮ್ಮ ನೀರಿಗೆ ಯಾವುದು ಒಗ್ಗುತ್ತದೋ ಅದನ್ನೇ ಹಾಕೋಣ" ಎಂದೆ. ಅವನಿಗೆ ನಿರಾಸೆಯಾಯಿತು. ಆದರೂ ಒಪ್ಪಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ತಂದ. ತಂದದ್ದು ಸುಡುವ ಮಧ್ಯಾಹ್ನ. ಸಂಭ್ರಮದಲ್ಲಿ ಚೀಲ ಬಿಚ್ಚಿ ನೇರವಾಗಿ ಹೊಂಡಕ್ಕೆ ಸುರಿದುಬಿಟ್ಟೆವು. ಮರುದಿನ ಬೆಳಿಗ್ಗೆ ನೀರಿನ ಮೇಲೆ ಬೆಳ್ಳಗೆ ತೇಲುತ್ತಿದ್ದವು. ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ ಮಗ ಒಂದು ಮಾತೂ ಆಡಲಿಲ್ಲ. ಆ ರಾತ್ರಿ ಅವನು ಪಾಸ್‌ಪೋರ್ಟ್ ಹುಡುಕುವುದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು.

ವಾರದ ನಂತರ ನಾನೇ ಅವನನ್ನು ಎಬ್ಬಿಸಿ, ಮೀನು ಸಾಕಿ ಅನುಭವವಿದ್ದ ಹಿರಿಯರೊಬ್ಬರ ಬಳಿಗೆ ಕರೆದೊಯ್ದೆ. ಅವರು ಬೈಯಲಿಲ್ಲ. "ಮರಿಯೂ ಮಗುವಿನಂತೆಯೇ. ಬೆಚ್ಚಗಿನ ಮಡಿಲಿಂದ ಎತ್ತಿ ತಣ್ಣೀರಿಗೆ ಹಾಕಿದರೆ ತಡೆದೀತೇ?" ಎಂದರು. ಬಿಸಿಲಲ್ಲಿ ಬಂದ ಚೀಲದ ನೀರಿಗೂ ಹೊಂಡದ ನೀರಿಗೂ ಇದ್ದ ವ್ಯತ್ಯಾಸವೇ ಮರಿಗಳನ್ನು ಕೊಂದಿತ್ತು.

ನಿಮ್ಮಲ್ಲಿ ಯಾರಿಗಾದರೂ ಇಂಥ ಹೊಂಡವಿದ್ದರೆ ನಾವು ಕಲಿತದ್ದು ನಿಮಗೂ ಉಪಯೋಗವಾಗಲಿ. ಮರಿಗಳನ್ನು ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲಿ ಬಿಡಿ. ಕಟ್ಟಿದ ಚೀಲವನ್ನೇ ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಮರಿಗಳು ತಾವಾಗಿಯೇ ಈಜಿ ಹೊರಬರಲಿ. ಚದರ ಮೀಟರಿಗೆ ಒಂದು ಮರಿ ಸಾಕು, ದುರಾಸೆ ಬೇಡ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಗೆಂಡೆ ತಳದಲ್ಲಿ ಆಹಾರ ಹುಡುಕುತ್ತವೆ. ಹೀಗಾಗಿ ಒಂದರ ಅನ್ನವನ್ನು ಇನ್ನೊಂದು ಕಸಿಯುವುದು ಕಡಿಮೆ. ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿ ಹಾಕಬಹುದು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಆ ದಿನ ಆಹಾರ ನಿಲ್ಲಿಸಿ, ಹೊಸ ನೀರು ಹರಿಸಿ.

ಇನ್ನೊಂದು ಮಾತನ್ನು ತಾಯಿಯಾಗಿ ಹೇಳಲೇಬೇಕು. ಪ್ಲಾಸ್ಟಿಕ್ ಹಾಸಿದ ದಂಡೆ ತುಂಬ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮರಿ ಬಿಡುವ ಮೊದಲು ಸುತ್ತ ಬೇಲಿ ಹಾಕಿ, ನಾಲ್ಕೂ ಕಡೆ ಗಟ್ಟಿ ಹಗ್ಗ ಇಳಿಬಿಡಿ. ಮೀನು ನೋಡಲು ಮಕ್ಕಳು ಬಂದೇ ಬರುತ್ತಾರೆ.

ಎರಡನೆಯ ಸಲ ಆಗಸ್ಟ್‌ನಲ್ಲಿ ನಾಲ್ಕು ಇಂಚಿನ ಮರಿಗಳನ್ನೇ ಆರಿಸಿ ಬಿಟ್ಟೆವು. ನಮ್ಮ ಹೊಂಡದಲ್ಲಿ ಬೇಸಿಗೆಗೆ ನೀರು ಉಳಿಯುವುದಿಲ್ಲವಲ್ಲ! ಫೆಬ್ರುವರಿಯಲ್ಲಿ ಬಲೆ ಎಳೆದಾಗ ಕೆಲವು ಅರ್ಧ ಕಿಲೋ ತೂಗಿದವು. ದೊಡ್ಡ ಲಾಭವೇನೂ ಆಗಲಿಲ್ಲ. ಹಿಂದೆ ಸತ್ತ ಮರಿಗಳ ಹಣವೂ ಸೇರಿ ಖರ್ಚು ಹುಟ್ಟಿತು, ನೆರೆಹೊರೆಯವರ ಮನೆಗಳಿಗೂ ಒಂದೊಂದು ಮೀನು ಹೋಯಿತು. ಮೀನಿನ ಹೊಲಸು ಬೆರೆತ ನೀರು ಹೊಲಕ್ಕೆ ಗೊಬ್ಬರವಾಯಿತು.

ಮಗ ಇನ್ನೂ ಊರಲ್ಲೇ ಇದ್ದಾನೆ. ಪಾಸ್‌ಪೋರ್ಟ್ ಕಪಾಟಿನಲ್ಲಿದೆ, ನಾನು ಅದನ್ನು ಬಚ್ಚಿಟ್ಟಿಲ್ಲ. ದೂರದೂರಿನಿಂದ ಬಂದವನಿಗೂ ಊರಿನ ನೀರು ಒಗ್ಗಲು ಸ್ವಲ್ಪ ಹೊತ್ತು ಬೇಕು ಎಂಬುದು ನನಗೆ ಈಗ ಅರ್ಥವಾಗಿದೆ. ನಿಮ್ಮ ಮನೆಗೂ ಅಂಥ ಮಗ ಮರಳಿದ್ದರೆ, ಅವಸರಪಡಿಸಬೇಡಿ.